ಇನ್ನೂ ಕಿವಿ ಕರಗಿಲ್ಲ

ಬಸವನಗುಡಿ
೨೩ ಆಗಸ್ಟ್ ೨೦೦೬

ಪ್ರೀತಿಯ ಸಂಕರ್ಷಣ,

ನಿನ್ನ ಕೊರಿಯರ್ ಬಂದು ಮೂರು ವಾರವಾಗುತ್ತಾ ಬಂತು. ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದಕ್ಕೆ ಬೇಜಾರು ಮಾಡಿಕೊಂಡಿರುತ್ತೀಯ. ಬೇಕೆಂದು ಮಾಡಿದ್ದಲ್ಲ. ನೀನು ಇಲ್ಲವಾಗಿಸಲು ಹೊರಟಿರುವ ಸೊಳ್ಳೆಯೇ ನನ್ನನ್ನೂ ಕಚ್ಚಿತು. ಜ್ವರವೇನೋ ಬೇಗ ಬಿಟ್ಟಿತು, ಆದರೆ ಬೆರಳಿನ ಗೆಣ್ಣುಗಳೆಲ್ಲ ಊದಿಕೊಂಡು ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಕಾಲೇಜಿನಲ್ಲಿ ನಾನು ಹೇಳುತ್ತಿದ್ದೆ, ಬೋರ್ಡಿನ ಮೇಲೆ ಹುಡುಗಿಯರು ಬರೆಯುತ್ತಿದ್ದರು. ಈಗ ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡರೆ ಸ್ವಲ್ಪ ಹೊತ್ತು ಬರೆಯಬಹುದು. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ ಆಯಿತಾ, ಅಲ್ಲಿ ಮಳೆ ಇದೆಯಾ ಎಂಬಲ್ಲಿಗೆ ನಿಂತುಬಿಡುತ್ತೇವೆ. ಮನೆಯ ಹಿರಿಯರ ಮುಂದೆ ನಿನ್ನನ್ನು ‘ನೀವು’ ಎಂದು ಕರೆದು ಅಭ್ಯಾಸವಾದ ಮೇಲೆ ‘ನೀನು’ ಉಳಿದಿರುವುದು ಕಾಗದದಲ್ಲಿ ಮಾತ್ರ. ಎಂ.ಎಸ್ಸಿ. ತರಗತಿಯಲ್ಲಿ ಒಂದೇ ಮೈಕ್ರೋಸ್ಕೋಪಿಗೆ ಜಗಳವಾಡಿದವರಿಗೆ ಅದೊಂದಾದರೂ ಉಳಿಯಲಿ.

ನಮ್ಮ ರಸ್ತೆಯನ್ನು ಈಗ ನೀನು ನೋಡಬೇಕು. ಬೆಳಿಗ್ಗೆ ಹಾಲಿಗೆ ಹೋಗುವವರು, ಯಾರಿಗೋ ನಮಸ್ಕಾರ ಮಾಡಲು ಬಗ್ಗಿ ಹಾಗೇ ಉಳಿದುಬಿಟ್ಟವರ ಹಾಗೆ ನಡೆಯುತ್ತಾರೆ. ಎದುರುಮನೆಯ ಶೀನಣ್ಣ ಗೇಟು ಹಿಡಿದುಕೊಂಡು ನಿಂತು, “ನೋಡಿ ಮೇಡಂ, ಚಿಕೂನ್‌ಗುನ್ಯಾ ಬಂದಿದ್ದೇ ಬಂದಿದ್ದು, ಇಡೀ ಬಸವನಗುಡಿಗೆ ಒಂದೇ ಸಲ ವಿನಯ ಬಂದ್ಬಿಟ್ಟಿದೆ” ಅಂದರು. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಪಾಠ ಹೇಳಿಯೂ ತಮ್ಮ ಕೈಲಿ ಆಗದ್ದನ್ನು ಸೊಳ್ಳೆ ಮಾಡಿತು ಎಂದು ಅವರ ದೂರು. ಕೆಳಗಿನ ಮನೆಯ ಸುಂದರಮ್ಮನವರು ಜಗಲಿಯ ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯುತ್ತಾರೆ. “ಏಡಿ ಆಗೋಗಿದೀನಿ ಕಣೇ ಕೋಕಿಲಾ, ಬಾಡಿಗೆ ಕೊಡೋಕ್ ಬರೋವಾಗ ಹುಷಾರು, ಚಿವುಟ್ಬಿಡ್ತೀನಿ” ಅನ್ನುತ್ತಾರೆ. ನಗುತ್ತಾರೆ, ನಗುವಾಗ ಮಂಡಿ ಹಿಡಿದುಕೊಳ್ಳುತ್ತಾರೆ.

ನಿನ್ನ ಕಾಗದಪತ್ರಗಳನ್ನು ಪೂರ್ತಿ ಓದಿದೆ. ನಿಮ್ಮ ಪ್ರಯೋಗಾಲಯದಲ್ಲಿ ಬೆಳೆಸಿದ ಗಂಡು ಸೊಳ್ಳೆಗಳನ್ನು ಇಲ್ಲಿ ಬಿಡುವುದು, ಅವುಗಳ ಜೊತೆ ಕೂಡಿದ ಹೆಣ್ಣುಗಳ ಸಂತಾನ ಉಳಿಯದಂತೆ ಮಾಡುವುದು, ಮೊದಲು ನಮ್ಮ ಸುತ್ತಿನ ನಾಲ್ಕು ರಸ್ತೆಯಲ್ಲಿ, ಗೆದ್ದರೆ ಊರಿನಲ್ಲಿ, ಆಮೇಲೆ ಎಲ್ಲೆಲ್ಲಿ ಆ ಸೊಳ್ಳೆ ಇದೆಯೋ ಅಲ್ಲೆಲ್ಲ. ಸರ್ಕಾರದ ಮುಂದೆ ಇಡುವ ಮೊದಲು ಒಂದೊಂದು ರಸ್ತೆಯಲ್ಲೂ ಮುಕ್ಕಾಲು ಪಾಲು ಮನೆಯವರ ಒಪ್ಪಿಗೆ ಬೇಕು. ನಮ್ಮ ರಸ್ತೆಯಲ್ಲಿ ರುಜು ಹಾಕಿಸಲು ನಾನೇ ಸರಿ ಎಂದು ಬರೆದಿದ್ದೀಯ. ‘ನಿನ್ನ ಮಾತನ್ನು ಆ ರಸ್ತೆಯಲ್ಲಿ ಯಾರೂ ತೆಗೆದುಹಾಕುವುದಿಲ್ಲ.’ ಅದು ನಿಜ ಇರಬಹುದು.

ಎಲ್ಲಕ್ಕಿಂತ ಕೊನೆಗೆ, ಹಾಳೆಯ ಮೂಲೆಯಲ್ಲಿ, ಒಂದು ಸಾಲು ಬರೆದಿದ್ದೀಯ. ‘ಒಪ್ಪಿಗೆ ಸಿಕ್ಕರೆ ಎರಡು ವರ್ಷ ನಾನು ಅಲ್ಲೇ ಇರಬೇಕಾಗುತ್ತದೆ.’

ಆ ಸಾಲನ್ನು ಎಷ್ಟು ಸಲ ಓದಿದೆ ಎಂದು ಹೇಳಿದರೆ ನನಗೇ ನಾಚಿಕೆ. ನೀನು ಆ ಕಡಲತೀರದ ಊರಿಗೆ ಹೋಗಿ ಎಂಟು ವರ್ಷ. ವರ್ಷಕ್ಕೆರಡು ಸಲ ಬರುತ್ತೀಯ, ನೆಂಟರ ಹಾಗೆ ಟವೆಲ್ಲು ಕೇಳಿ ತೆಗೆದುಕೊಳ್ಳುತ್ತೀಯ, ಮುಚ್ಚಿಯೇ ಇರುವ ಮುಂದಿನ ರೂಮಿನ ಬಾಗಿಲ ಮುಂದೆ ಬಂದಾಗ ನಡಿಗೆ ಚುರುಕಾಗುತ್ತದೆ. ನಾನು ನೋಡದ ಹಾಗಿರುತ್ತೇನೆ. ಈ ಸಲ ಹಾಗಲ್ಲ. ಎರಡು ವರ್ಷ ಎಂದರೆ ಟವೆಲ್ಲು ಎಲ್ಲಿದೆಯೆಂದು ನಿನಗೇ ಗೊತ್ತಾಗುತ್ತದೆ.

ನಿನ್ನ ಬೆತ್ತದ ಕುರ್ಚಿಯನ್ನು ಹೆಣೆಯಲು ಕೊಟ್ಟಿದ್ದೇನೆ. ಸಂಜೆ ಬಾಲ್ಕನಿಯಲ್ಲಿ ಕೂತು ಕವಿತೆ ಓದುವಾಗ ಎದುರಿಗೆ ಖಾಲಿ ಜಾಗ ಇರುತ್ತದಲ್ಲ, ಅಲ್ಲಿ ಇಡುವುದಕ್ಕೆ. ನೀನು ಕೇಳುತ್ತಿದ್ದದ್ದು ನೆನಪಿದೆ: “ನಿನ್ನ ಪದ್ಯದಲ್ಲಿ ದುಂಬಿ ಇದೆ, ಕೋಗಿಲೆ ಇದೆ, ಸೊಳ್ಳೆ ಎಲ್ಲಿ?” ಇವತ್ತಿಗೂ ಸಿಕ್ಕಿಲ್ಲ. ಬಂದಮೇಲೆ ಇಬ್ಬರೂ ಹುಡುಕೋಣ.

ಭಾನುವಾರ ಗಣೇಶನ ಹಬ್ಬ. ಗಾಂಧಿ ಬಜಾರಿನಲ್ಲಿ ಬಾಳೆಕಂದು, ಗರಿಕೆ, ಮಣ್ಣಿನ ಗಣಪತಿಗಳ ಸಾಲು. ಹತ್ತು ವರ್ಷದಿಂದ ನಾವು ತರುತ್ತಿಲ್ಲವಾದ್ದರಿಂದ ಆ ಸಾಲಿನ ಆಚೆ ಬದಿಯಿಂದ ನಡೆದುಬಂದೆ. ಹಬ್ಬ ಮುಗಿದ ಮಾರನೆಯ ದಿನದಿಂದ ಮನೆಮನೆಗೆ ಹೋಗುತ್ತೇನೆ. ನೀನು ನಿಶ್ಚಿಂತೆಯಿಂದಿರು, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಕೋಕಿಲಾ


ಬಸವನಗುಡಿ
೬ ಸೆಪ್ಟೆಂಬರ್ ೨೦೦೬

ಪ್ರೀತಿಯ ಸಂಕರ್ಷಣ,

ಮೊನ್ನೆ ಫೋನ್ ಇಟ್ಟಮೇಲೆ ನೀನು ಊಟ ಮಾಡಿದೆಯೋ ಇಲ್ಲವೋ, ನಾನಂತೂ ಮಾಡಲಿಲ್ಲ. ಫೋನಿನಲ್ಲಿ ಹೇಳಲು ಹೋಗಿ ಕೆಡಿಸಿದ್ದನ್ನು ಇಲ್ಲಿ ಮೊದಲಿನಿಂದ ಹೇಳುತ್ತೇನೆ. ಸಿಟ್ಟು ಬಂದರೆ ಕಾಗದ ಮಡಿಸಿಟ್ಟು ಆಮೇಲೆ ಓದು. ಫೋನಿಗಿಲ್ಲದ ಸೌಕರ್ಯ ಅದು.

ಮೊದಲು ಸುಂದರಮ್ಮನವರ ಹತ್ತಿರ ಹೋದೆ. ಹೆಸರುಬೇಳೆ ಆರಿಸುತ್ತ ಕೂತಿದ್ದರು.

“ಬಿಡ್ತಾರೆ ಅಂದ್ರೆ? ಇರೋ ಸೊಳ್ಳೆ ಸಾಲ್ದು ಅಂತ ಇನ್ನಷ್ಟು ತಂದ್ ಬಿಡ್ತಾರಾ?”

“ಇವು ಗಂಡು ಸೊಳ್ಳೆ ಸುಂದರಮ್ಮನೋರೆ. ಗಂಡು ಕಚ್ಚಲ್ಲ.”

“ಕಚ್ಚದೆ ಇನ್ನೇನ್ ಮಾಡತ್ತೆ?”

“ಹೂವಿನ ರಸ ಕುಡ್ಕೊಂಡಿರತ್ತೆ. ಹೆಣ್ಣನ್ನ ಹುಡುಕ್ಕೊಂಡ್ ಹೋಗತ್ತೆ. ಇದ್ರ ಜೊತೆ ಸೇರಿದ ಹೆಣ್ಣಿಗೆ ಮರಿ ಉಳಿಯಲ್ಲ.”

ಅವರು ಬೇಳೆಯಿಂದ ಒಂದು ಕಲ್ಲು ಆರಿಸಿ ಎಸೆದು “ಪಾಪ” ಅಂದರು. ಯಾರಿಗೆ ಅಂದರೋ, ನಾನು ಕೇಳಲಿಲ್ಲ. ಆಮೇಲೆ ಮೊರ ಪಕ್ಕಕ್ಕಿಟ್ಟು, “ಇದಕ್ಕೆ ಸೈನ್ ಹಾಕಿದ್ರೆ ನಿಮ್ಮನೆಯೋರು ಬರ್ತಾರಾ?” ಎಂದು ಕೇಳಿದರು.

“ಬರ್ತಾರೆ. ಎರಡು ವರ್ಷ ಇಲ್ಲೇ ಇರ್ತಾರೆ.”

“ಹಂಗನ್ನು ಮತ್ತೆ. ಅದನ್ ಬಿಟ್ಟು ಗಂಡು ಹೆಣ್ಣು ಅಂತ ಕಥೆ ಹೇಳ್ತಾಳೆ. ಎಲ್ಲಿ ಹಾಕ್ಬೇಕು ತೋರ್ಸು.”

ಶೀನಣ್ಣನ ಮನೆಯಲ್ಲೂ ಅದೇ. “ಓಹೋ, ಕಚ್ಚೋದೆಲ್ಲ ಹೆಣ್ಣೇನಾ? ಪ್ರಕೃತಿ ಎಲ್ಲಾ ಕಡೆ ಒಂದೇ ಥರ ಬಿಡಿ” ಅಂದರು. ಒಳಗಿನಿಂದ ಅವರ ಹೆಂಡತಿ, “ಕೆಲಸ ಇಲ್ದೆ ಗುಂಯ್ ಅಂತ ತಿರುಗೋದು ಗಂಡು. ಅದನ್ನೂ ಬರ್ಕೊಳ್ಳಿ ಕೋಕಿಲಾ” ಅಂದರು. ಮೂವರೂ ನಕ್ಕೆವು. ಶೀನಣ್ಣ ಕನ್ನಡಕ ಹುಡುಕಲೂ ಇಲ್ಲ, ಓದದೆಯೇ ರುಜು ಹಾಕಿದರು. “ಸಂಕರ್ಷಣ ಬರ್ಲಿ ಮೇಡಂ. ಚೆಸ್ ಆಡೋರಿಲ್ದೆ ಇವಳ ಜೊತೆ ಚೌಕಾಬಾರ ಆಡ್ತಿದೀನಿ.”

ಹೀಗೆ ಒಂದು ವಾರ. ಸಂಕರ್ಷಣ, ಎಲ್ಲರೂ ಹಾಕಿದರು. ಅಷ್ಟು ಸುಲಭವಾಗುತ್ತದೆಂದು ನಾನು ಎಣಿಸಿರಲಿಲ್ಲ. ಯಾವ ಮನೆಯಲ್ಲೂ ಸೊಳ್ಳೆಯ ಬಗ್ಗೆ ಎರಡನೆಯ ಪ್ರಶ್ನೆ ಬರಲಿಲ್ಲ. ಕುಂಕುಮ ಕೊಟ್ಟರು, ಹಬ್ಬದ ಕಡುಬು ಉಳಿದಿತ್ತು ಕೊಟ್ಟರು, ಬೆನ್ನು ಸವರಿದರು. ನನ್ನ ಗಂಡ ಮನೆಗೆ ಬರಲಿ ಎಂದು ಇಡೀ ರಸ್ತೆ ರುಜು ಹಾಕಿತು. ನಾನು ಖುಷಿಯಿಂದಲೇ ಹಾಕಿಸಿಕೊಂಡೆ. ಮೆಟ್ಟಿಲು ಹತ್ತುವಾಗ ಮಂಡಿ ನೋವೂ ಗೊತ್ತಾಗಲಿಲ್ಲ.

ಕೇಳಿದವಳು ಒಬ್ಬಳೇ, ಸುಂದರಮ್ಮನವರ ಸೊಸೆ ದೀಪ್ತಿ. ತುಂಬಿದ ಬಸುರಿ. ಹಗಲಲ್ಲೂ ಸೊಳ್ಳೆಪರದೆಯೊಳಗೇ ಕೂತಿರುತ್ತಾಳೆ, ಊಟದ ತಟ್ಟೆಯನ್ನೂ ಪರದೆ ಎತ್ತಿ ಒಳಗೆ ಕೊಡಬೇಕು. ಅಷ್ಟು ಹೆದರಿಕೆ. ಹಾಳೆಗಳನ್ನು ಒಳಗೆ ತೆಗೆದುಕೊಂಡು ಒಂದೊಂದಾಗಿ ಓದಿದಳು. ಆಮೇಲೆ ಪರದೆಯ ಒಳಗಿನಿಂದಲೇ ಕೇಳಿದಳು:

“ಆಂಟಿ, ನಾಲ್ಕು ರಸ್ತೇಲಿ ಮಾಡಿ ಸರಿಹೋಗ್ಲಿಲ್ಲ ಅಂದ್ರೆ ನಿಲ್ಲಿಸ್ತಾರೆ, ಸರಿ. ಎಲ್ಲಾ ಕಡೆ ಮಾಡಿ ಆ ಸೊಳ್ಳೆ ಪೂರ್ತಿ ಹೋದ್ಮೇಲೆ ಏನೋ ಎಡವಟ್ಟಾಯ್ತು ಅಂದ್ರೆ? ವಾಪಸ್ ತರಕ್ಕಾಗತ್ತಾ?”

“ಆಗಲ್ಲ” ಅಂದೆ.

“ಸೊಳ್ಳೆ ಹೋದ್ರೆ ಎಡವಟ್ಟೇನಾಗತ್ತೆ ಅಂತ ನಾನೇ ಅಂದ್ಕೊಂಡೆ. ಆದ್ರೂ ನಿಮ್ಮನ್ನ ಕೇಳೋಣ ಅಂತ. ನೀವು ಝೂವಾಲಜಿ ಅಲ್ವಾ.”

ಹೌದು, ಝೂವಾಲಜಿ. ಅವಳ ಪ್ರಶ್ನೆಗೆ ನನ್ನ ಹತ್ತಿರ ಇದ್ದ ಉತ್ತರ ಹಿತ್ತಲಿನ ಬಾವಿಯಲ್ಲಿತ್ತು.

ನೀನು ಊರು ಬಿಡುವ ಮುಂಚಿನ ಬೇಸಿಗೆಯಲ್ಲಿ ಆ ಬಾವಿಗೆ ಸೊಳ್ಳೆಮರಿ ತಿನ್ನುವ ಮೀನು ತಂದು ಬಿಟ್ಟೆಯಲ್ಲ, ಪ್ಲಾಸ್ಟಿಕ್ ಚೀಲದಲ್ಲಿ, ಹೊರದೇಶದ ಪುಟ್ಟ ಪುಟ್ಟ ಮೀನು. ಎಲ್ಲರೂ ಆಗ ಅದನ್ನೇ ಮಾಡುತ್ತಿದ್ದರು, ನನಗೂ ಸರಿ ಎಂದೇ ಕಂಡಿತು. ಸೊಳ್ಳೆಮರಿ ತಿಂದವು. ಆಮೇಲೆ ಕಪ್ಪೆಯ ಗೊದಮೊಟ್ಟೆಗಳನ್ನೂ ತಿಂದವು. ನೀನು ಹೋದ ವರ್ಷದ ಮಳೆಗಾಲದಲ್ಲಿ ಮೊದಲ ಮಳೆ ಬಿದ್ದ ಸಂಜೆ ನಾನು ಬಾಲ್ಕನಿಯಲ್ಲಿ ಕಾದು ಕೂತಿದ್ದೆ. ಬಾವಿಕಟ್ಟೆ ಸುಮ್ಮನಿತ್ತು. ಮಳೆ ನಿಂತಮೇಲಿನ ಆ ವಟವಟ ಇಲ್ಲ. ಯಾರ ಜೊತೆ ಯಾರು ಬಾವಿಕಟ್ಟೆಯ ಮೇಲೆ ಕೂತು ಕಪ್ಪೆಗೆ ಉತ್ತರ ಕೊಡುತ್ತಿದ್ದರು ಎಂದು ನಿನಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ಎರಡನೆಯ ಸಲ ಸದ್ದು ನಿಂತಿತು ಅನ್ನಿಸಿತು. ಸೊಳ್ಳೆ ಏನು ಮಾಡಿತು ಗೊತ್ತಾ? ಬಾವಿ ಬಿಟ್ಟು ಓವರ್‌ಹೆಡ್ ಟ್ಯಾಂಕಿಗೆ ಹೋಯಿತು. ಅಲ್ಲಿಂದ ಶೀನಣ್ಣನ ಹಳೆಯ ಸ್ಕೂಟರ್ ಟೈರಿಗೆ. ಇವತ್ತೂ ಇದೆ. ಕಪ್ಪೆ ಮಾತ್ರ ಬರಲಿಲ್ಲ.

ಫೋನಿನಲ್ಲಿ ನಾನು ಇದನ್ನೇ ಹೇಳಲು ಶುರುಮಾಡಿದ್ದು. ನೀನು ತಾಳ್ಮೆಯಿಂದಲೇ ಮಾತಾಡಿದೆ, ಮೊದಲು. ಅದು ಮೀನು, ಏನು ಸಿಕ್ಕರೂ ತಿನ್ನುತ್ತದೆ. ಇದು ಒಂದೇ ಜಾತಿಯ ಸೊಳ್ಳೆಗೆ ಮಾತ್ರ ತಗಲುತ್ತದೆ. ಸೊಳ್ಳೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜಾತಿ, ತೆಗೆಯುವುದು ಒಂದನ್ನು. ಅದೂ ನಮ್ಮ ನೆಲದ್ದಲ್ಲ, ಹಡಗಿನಲ್ಲಿ ಬಂದು ಸೇರಿಕೊಂಡದ್ದು. ಸಿಡುಬು ಹೋದಾಗ ಯಾರಾದರೂ ಅತ್ತರಾ, ಎಂದು ಕೇಳಿದೆ ನೀನು. ಎಲ್ಲವೂ ಸರಿಯಾದ ಮಾತೇ. ನನ್ನ ಪಾಠದಲ್ಲಿ ನಾನೂ ಹೇಳುವ ಮಾತು. ಆದರೆ ಸಿಡುಬನ್ನು ತಿಂದು ಬದುಕುವ ಪ್ರಾಣಿ ಇರಲಿಲ್ಲ. ಈ ಸೊಳ್ಳೆ ಬಂದು ಎಷ್ಟೋ ತಲೆಮಾರಾಯಿತು. ಜೇಡ, ಏರೋಪ್ಲೇನ್ ಚಿಟ್ಟೆ, ಬಾವಲಿ, ಇವುಗಳಿಗೆ ಅದು ಪರದೇಶದ್ದೆಂದು ಯಾರೂ ಹೇಳಿಲ್ಲ. ಅದು ಖಾಲಿ ಮಾಡಿದ ಜಾಗಕ್ಕೆ ಲಾಲ್‌ಬಾಗಿನ ಮರದ ಪೊಟರೆಗಳಿಂದ ಅದರ ದಾಯಾದಿ ಸೊಳ್ಳೆ ಬಂದು ಕೂತರೆ? ಅದೂ ಇದೇ ಜ್ವರ ಹೊರುತ್ತದೆ. ನಿನ್ನ ಕಾಗದಪತ್ರದಲ್ಲಿ ಅದಕ್ಕೆ ಒಂದು ಪ್ಯಾರಾ ಕೂಡ ಇಲ್ಲ ಅಂದೆ.

ಆಗ ನೀನು ಕೇಳಿದೆ: “ಕಪ್ಪೆಗೂ ಮಗುವಿಗೂ ತೂಗಿ ನೋಡ್ತಿದೀಯಾ?”

ನಾನು ಫೋನ್ ಇಟ್ಟೆ. ಇಡಬಾರದಿತ್ತು. ಉತ್ತರ ಇಲ್ಲಿ ಬರೆಯುತ್ತೇನೆ. ತೂಗಲು ಬರುವುದಿಲ್ಲ ಸಂಕರ್ಷಣ. ಒಂದು ಮಗುವಿಗೆ ಬದಲು ಈ ಊರಿನ ಎಲ್ಲ ಬಾವಿಯ ಎಲ್ಲ ಕಪ್ಪೆಗಳನ್ನೂ ನಾನೇ ಕೈಯಾರೆ ಹಿಡಿದು ಕೊಡುತ್ತಿದ್ದೆ. ಆದರೆ ಆ ವ್ಯಾಪಾರವನ್ನು ನಮ್ಮ ಮುಂದೆ ಯಾರೂ ಇಡಲಿಲ್ಲ. ಮಗು ಹೋಯಿತು, ಆಮೇಲೆ ಕಪ್ಪೆಯೂ ಹೋಯಿತು.

ಕೊನೆಗೆ ದೀಪ್ತಿಯೂ ರುಜು ಹಾಕಿದಳು. “ನೀವು ಹೇಳ್ತೀರಲ್ಲ ಆಂಟಿ, ಸಾಕು” ಅಂದಳು. ಆ ‘ಸಾಕು’ ನನ್ನನ್ನು ನಿದ್ದೆ ಮಾಡಲು ಬಿಡುತ್ತಿಲ್ಲ.

ಹಾಳೆಗಳು ತುಂಬಿವೆ. ಬೀರುವಿನ ಮೇಲಿವೆ. ನಾಳೆಯೇ ಕೊರಿಯರ್ ಮಾಡಬಹುದು, ನೀನು ದಸರೆಗೆ ಮುಂಚೆ ಇಲ್ಲಿರಬಹುದು. ಕುರ್ಚಿ ಹೆಣೆದು ಬಂದಿದೆ. ನಾನೇ ಅದರಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇನ್ನೊಂದೆರಡು ದಿನ ಕೊಡು.

ನಿನ್ನ
ಕೋಕಿಲಾ


ಬಸವನಗುಡಿ
೧೮ ಸೆಪ್ಟೆಂಬರ್ ೨೦೦೬

ಪ್ರೀತಿಯ ಸಂಕರ್ಷಣ,

ಎರಡು ದಿನ ಎಂದು ಹೇಳಿ ಇಷ್ಟು ದಿನ ಮಾಡಿದೆ. ನೀನು ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ನಾನು ಮಳೆಯ ವಿಷಯ ಮಾತಾಡಿದೆ. ಮನ್ನಿಸು. ಮುಗಿಸದೆ ಹೇಳಬಾರದು ಅನ್ನಿಸಿತ್ತು. ಈಗ ಮುಗಿದಿದೆ.

ಕಳೆದ ಭಾನುವಾರ ಶೀನಣ್ಣನ ಮನೆಯ ಹಾಲಿನಲ್ಲಿ ಎಲ್ಲರನ್ನೂ ಕೂಡಿಸಿದೆ. ಚಾಪೆ ಹಾಸಿದ್ದೆವು, ಅವರ ಹೆಂಡತಿ ಅವಲಕ್ಕಿ ಮಾಡಿದ್ದರು. ಕೆಳಗೆ ಕೂತರೆ ಏಳಲಾಗದವರೇ ಹೆಚ್ಚಾದ್ದರಿಂದ ಮನೆಯ ಕುರ್ಚಿ, ಸ್ಟೂಲು, ಕಡೆಗೆ ದಿವಾನದ ಅಂಚೂ ಸಾಲದೆ ನಮ್ಮ ಬೆತ್ತದ ಕುರ್ಚಿಯೂ ಹೋಯಿತು. ನಿನ್ನ ಹಾಳೆಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ನಿನ್ನ ಪಾಲಿನ ಮಾತನ್ನು ಮೊದಲು ಹೇಳಿದೆ, ಪೂರ್ತಿಯಾಗಿ, ನಿನ್ನಷ್ಟೇ ಚೆನ್ನಾಗಿ, ಯಾರೋ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಅನುಮಾನಗಳನ್ನು ಹೇಳಿದೆ. ಬಾವಿಯ ಮೀನನ್ನೂ ಟೈರಿನ ಸೊಳ್ಳೆಯನ್ನೂ ಹೇಳಿದೆ. ಯಾವುದು ಗೊತ್ತು, ಯಾವುದು ಯಾರಿಗೂ ಗೊತ್ತಿಲ್ಲ, ಎರಡನ್ನೂ. ಕೊನೆಗೆ, “ನಮ್ಮನೆ ವಿಷಯ ಪಕ್ಕಕ್ಕಿಟ್ಟು ಯೋಚನೆ ಮಾಡಿ. ಯಾರಿಗೆ ಬೇಡ ಅನ್ಸತ್ತೋ ಅವರ ರುಜು ಹೊಡೆದುಹಾಕ್ತೀನಿ” ಅಂದೆ.

ಸುಂದರಮ್ಮನವರಿಗೆ ಸಿಟ್ಟು ಬಂತು.

“ಏನೇ ನಿಂದು? ಗಂಡ ಮನೆಗ್ ಬರೋದು ಬೇಡ್ವಾ ನಿಂಗೆ?”

“ಬೇಕು.”

“ಮತ್ತೆ?”

“ಬೇಕು ಸುಂದರಮ್ಮನೋರೆ. ಅದಕ್ಕೋಸ್ಕರಾನೇ ನೀವೆಲ್ಲ ಸೈನ್ ಹಾಕಿದ್ದು ಅಂತ ನಂಗೆ ಭಯ ಆಗ್ತಿದೆ.”

ಅವರು ನನ್ನನ್ನೇ ನೋಡಿದರು. ಆಮೇಲೆ ಪಕ್ಕದಲ್ಲಿದ್ದವರಿಗೆ ಹೇಳುವ ಹಾಗೆ, “ಓದಿದೋರ ಸಹವಾಸವೇ ಬೇಡಮ್ಮ” ಅಂದರು.

ಮಾತು ಬಹಳ ಹೊತ್ತು ನಡೆಯಿತು. “ಸೊಳ್ಳೆ ಹೋಗ್ಲಿ ಬಿಡ್ರೀ, ದಯೆ ತೋರ್ಸಕ್ಕೆ ಬೇರೆ ಯಾರೂ ಸಿಗ್ಲಿಲ್ವಾ” ಅಂದರು ಒಬ್ಬರು. ನಾಲ್ಕು ರಸ್ತೆಯನ್ನು ಪ್ರಯೋಗಾಲಯ ಮಾಡುವುದಾದರೆ ಮೊದಲು ಮೋರಿ ಮುಚ್ಚಿಸಿ, ಕಸ ಎತ್ತಿಸಿ ಅಂದರು ಇನ್ನೊಬ್ಬರು. ಶೀನಣ್ಣ ಎದ್ದು ಹಿತ್ತಲಿಗೆ ಹೋಗಿ ಆ ಸ್ಕೂಟರ್ ಟೈರನ್ನು ಉರುಳಿಸಿಕೊಂಡು ಬಂದು ಬೀದಿಬಾಗಿಲಿಗೆ ಒರಗಿಸಿದರು. ಹಾದಿಯುದ್ದಕ್ಕೂ ನೀರು ಚೆಲ್ಲಿತು. “ಇದ್ರ ಹೆಸರು ಎಲ್ಲರ ಬಾಯಲ್ಲೂ ಬಂತು, ನನಗೆ ನಾಚಿಕೆಯಾಗ್ತಿದೆ” ಅಂದರು. ಹೆಂಡತಿ, “ಹನ್ನೆರಡು ವರ್ಷದಿಂದ ನಾನ್ ಹೇಳ್ದಾಗ ಆಗ್ಲಿಲ್ವಲ್ಲ ನಾಚಿಕೆ” ಅಂದರು.

ಕೊನೆಗೆ ಅರ್ಧಕ್ಕಿಂತ ಹೆಚ್ಚು ಮನೆಯವರು ರುಜು ಹಿಂದಕ್ಕೆ ತೆಗೆದುಕೊಂಡರು. ಶೀನಣ್ಣ ತೆಗೆದುಕೊಂಡರು. ಸುಂದರಮ್ಮ, ಆ ಮಂಡಿನೋವಿನಲ್ಲೂ, ತೆಗೆದುಕೊಂಡರು. “ಎಂಥದೇ ಆಗ್ಲಿ, ಬೇರು ಸಮೇತ ಕಿತ್ತು ಆಮೇಲೆ ಯೋಚನೆ ಮಾಡೋ ಬುದ್ಧಿ ನಂಗ್ ಬೇಡ.” ದೀಪ್ತಿ ಮಾತ್ರ ಅಲುಗಲಿಲ್ಲ. ಅವತ್ತು ಪರದೆ ಬಿಟ್ಟು ಹೊರಗೆ ಬಂದಿದ್ದಳು, ಮೈತುಂಬ ಸೆರಗು ಹೊದ್ದುಕೊಂಡು. “ನನ್ನದು ಇರ್ಲಿ ಆಂಟಿ. ಮೊದಲು ನಿಮಗೋಸ್ಕರ ಹಾಕಿದ್ದೆ. ಈಗ ಎಲ್ಲಾ ಕೇಳಿ, ಹೊಟ್ಟೇಲಿರೋದಕ್ಕೋಸ್ಕರ ಹಾಕ್ತಿದೀನಿ.” ಅವಳು ಸರಿ ಇರಬಹುದು. ನೀನೂ ಸರಿ ಇರಬಹುದು. ಅದನ್ನು ಬರೆಯಲು ನನಗೇನೂ ಸಂಕೋಚವಿಲ್ಲ. ಮುಂದೊಂದು ದಿನ, ಖಾಲಿ ಜಾಗಕ್ಕೆ ಏನು ಬರುತ್ತದೆಂದು ನೋಡಿ ತಿಳಿದಮೇಲೆ, ನೀನು ಮತ್ತೆ ಕೇಳಿದರೆ ನಾನೇ ಮೊದಲ ರುಜು ಹಾಕಬಹುದು.

ಉಳಿದ ಹಾಳೆಗಳನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಮುಕ್ಕಾಲು ಪಾಲು ಇಲ್ಲ, ಹತ್ತಿರವೂ ಇಲ್ಲ. ನಿಮ್ಮವರು ಬೇರೆ ಬಡಾವಣೆ ಹುಡುಕುತ್ತಾರೆ, ಬೇರೆ ಊರನ್ನೂ ಹುಡುಕಬಹುದು. ನೀನು ಅಲ್ಲಿಗೆ ಹೋಗುತ್ತೀಯ. ಹಾಳೆಗಳನ್ನು ಕವರಿಗೆ ಹಾಕುವಾಗ ನಾನು ಕವರಿಗೆ ಹಾಕುತ್ತಿರುವುದು ಏನೆಂದು ನನಗೆ ಗೊತ್ತಿತ್ತು. ಎರಡು ವರ್ಷದ ಸಂಜೆಗಳು. ನೀನು ಕುರ್ಚಿಯಲ್ಲಿ, ಪೇಪರ್ ಸದ್ದು, ಓದುವುದರ ಮಧ್ಯೆ ‘ಕಾಫಿ ಇದೆಯಾ’ ಎಂದು ಕೇಳುವ ದನಿ. ಇವನ್ನೆಲ್ಲ ಮೊದಲೇ ಬದುಕಿ ನೋಡಿಬಿಟ್ಟಿದ್ದೆ, ಈ ತಿಂಗಳೆಲ್ಲ. ಕುರ್ಚಿ ಶೀನಣ್ಣನ ಮನೆಯಿಂದ ಇನ್ನೂ ವಾಪಸ್ ಬಂದಿಲ್ಲ. ನಾನೂ ಕೇಳಿಲ್ಲ.

ಇನ್ನೊಂದು ವಿಷಯ. ನಿನಗೆ ಹೇಳದೆ ಮಾಡಿದ್ದು. ಹಬ್ಬದ ದಿನ ಬೆಳಿಗ್ಗೆ ಕಾಫಿಪುಡಿಗೆಂದು ಹೋದವಳು ಒಂದು ಗಣಪತಿ ತಂದುಬಿಟ್ಟೆ. ಬಣ್ಣವಿಲ್ಲದ್ದು, ಅಂಗೈಯಷ್ಟು. ಪೂಜೆ ಮಾಡಿದೆ, ಸಂಜೆ ತುಳಸಿಕಟ್ಟೆಯ ಹಿಂದೆ ಟಬ್ಬಿನಲ್ಲಿ ಬಿಟ್ಟೆ. ಹೌದು, ಅದೇ ಜಾಗದಲ್ಲಿ. ಹಳೆಯ ನೀಲಿ ಟಬ್ಬನ್ನು ನೀನು ಅವಳಿಲ್ಲದೆ ಆಸ್ಪತ್ರೆಯಿಂದ ಬಂದ ದಿನ ಒನಕೆಯಿಂದ ಒಡೆದು ಚೂರು ಮಾಡಿದ್ದೆ, ಇದು ಬೇರೆಯದು.

ನಮ್ಮಲ್ಲಿ ಗಣಪತಿಯನ್ನು ಬಿಟ್ಟ ನೀರನ್ನು ಅವನು ತಾನಾಗಿ ಕರಗುವವರೆಗೆ ಚೆಲ್ಲುವುದಿಲ್ಲ, ಕೈ ಹಾಕಿ ಕಲಕುವುದಿಲ್ಲ. ಕರಗಿದ ಮೇಲೆ ದಾಸವಾಳದ ಬುಡಕ್ಕೆ ಹುಯ್ಯಬೇಕು. ಅವಳಿದ್ದ ಆ ಕೊನೆಯ ವರ್ಷದ ಮಣ್ಣು ಗಟ್ಟಿ, ಒಂದು ವಾರ ದಾಟಿದರೂ ಕರಗಲಿಲ್ಲ. ನೀರಿನಲ್ಲಿ ಕುಣಿಯುತ್ತಿದ್ದ ಹುಳುಗಳನ್ನು ನೀನೇ ಭೂತಗನ್ನಡಿ ಹಿಡಿದು ಅವಳಿಗೆ ತೋರಿಸಿದೆ. ‘ಇನ್ನು ಚೆಲ್ಲೋಣ ಪುಟ್ಟಿ, ಸೊಳ್ಳೆಮರಿ ಇವು’ ಅಂದೆ. ಅವಳು ಟಬ್ಬನ್ನು ತಬ್ಬಿಕೊಂಡು, ‘ಬೇಡ ಅಪ್ಪ, ಇನ್ನೂ ಕಿವಿ ಕರಗಿಲ್ಲ’ ಅಂದಳು. ನೀನು ಇನ್ನೆರಡು ದಿನ ಬಿಟ್ಟೆ. ಯಾವ ಅಪ್ಪನಾದರೂ ಬಿಡುತ್ತಿದ್ದ.

ಅವಳನ್ನು ಕಚ್ಚಿ ಜ್ವರ ತಂದ ಸೊಳ್ಳೆ ಆ ಟಬ್ಬಿನದೋ, ಸ್ಕೂಲಿನ ಹೂಕುಂಡದ್ದೋ, ಟೈರಿನದೋ, ನಿನಗೂ ಗೊತ್ತಾಗಲು ದಾರಿಯಿಲ್ಲ. ನೀನು ಮಾತ್ರ ಟಬ್ಬಿನದೇ ಎಂದು ತೀರ್ಮಾನ ಮಾಡಿಕೊಂಡುಬಿಟ್ಟೆ. ನಾನು ಒಂದು ದಿನವೂ ಹಾಗೆ ಅಂದುಕೊಳ್ಳಲಿಲ್ಲ. ನಿನ್ನ ಬಾಯಿಂದ ಆ ಮಾತು ಬರಲಿ, ಆಗ ಇಲ್ಲ ಎನ್ನೋಣ ಎಂದು ಕಾದಿದ್ದೆ. ನೀನು ಟಬ್ಬು ಒಡೆದೆ, ಮೀನು ತಂದೆ, ಕಡೆಗೆ ಊರೇ ಬಿಟ್ಟೆ.

ಈ ಸಲ ಟಬ್ಬಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೆ. ದೀಪ್ತಿ ಕೊಟ್ಟದ್ದು. ‘ಇಷ್ಟೇ ಸಾಕಾಗಿತ್ತಾ’ ಎಂದು ನೀನು ಕೇಳಿಕೊಳ್ಳುತ್ತೀಯ, ಬಲ್ಲೆ. ಸಾಕಾಗುತ್ತಿರಲಿಲ್ಲವೋ ಏನೋ. ಒಂದು ಟಬ್ಬಿಗೆ ಪರದೆ ಕಟ್ಟಬಹುದು, ಊರಿಗೆ ಕಟ್ಟಲಾಗುವುದಿಲ್ಲ. ದಿನಾ ಬೆಳಿಗ್ಗೆ ಪರದೆಯ ಮೇಲಿಂದ ಬಗ್ಗಿ ನೋಡುತ್ತಿದ್ದೆ. ಈ ಸಲದ ಮಣ್ಣು ಅದಕ್ಕಿಂತ ಗಟ್ಟಿ. ಸೊಂಡಿಲು ಮೊದಲು ಹೋಯಿತು, ಆಮೇಲೆ ಹೊಟ್ಟೆ. ಅವಳು ಹೇಳಿದ್ದು ಸರಿ. ಕಿವಿಯೇ ಕೊನೆಗೆ. ನಿನ್ನೆ ಹೊತ್ತಿಗೆ ಬರೀ ಕೆಸರು. ಹುಯ್ಯಲು ಮನಸ್ಸು ಬಾರದೆ ಇವತ್ತೂ ಇಟ್ಟಿದ್ದೇನೆ. ಆ ನೀರನ್ನು ದಾಸವಾಳಕ್ಕೆ ಇಬ್ಬರೂ ಸೇರಿ ಹುಯ್ದರೆ ಒಳ್ಳೆಯದು. ಪರದೆ ಗಟ್ಟಿಯಾಗಿದೆ, ಸ್ವಲ್ಪ ದಿನ ತಡೆಯುತ್ತದೆ.

ಬಾ ಸಂಕರ್ಷಣ. ಪ್ರಯೋಗಕ್ಕೆಂದು ಬೇಡ, ರಜೆ ಹಾಕಿ ಬಾ. ಆ ಸೊಳ್ಳೆ ಈ ಭೂಮಿಯ ಮೇಲೆ ಒಂದೂ ಇಲ್ಲದ ದಿನ ಬಂದರೆ ಆವತ್ತು ಬೆಳಿಗ್ಗೆ ಎದ್ದು ನೀನೇನು ಮಾಡುತ್ತೀಯ ಎಂಬುದೇ ನನ್ನ ದೊಡ್ಡ ಹೆದರಿಕೆ. ಜೇಡಕ್ಕೆ, ಬಾವಲಿಗೆ ಬೇರೆ ಊಟ ಸಿಕ್ಕೀತು. ಆ ದಿನಕ್ಕೆ ಮುಂಚೆ ನೀನು ಮನೆಯಲ್ಲಿರಬೇಕು.

ಅಲ್ಲಿಯವರೆಗೆ ನಿನಗೆ ಒಳ್ಳೆಯ ನಿದ್ದೆ ಬರಲಿ. ಮೈಯಲ್ಲಿ ಹುಷಾರಿರಲಿ. ಸಮುದ್ರದ ಗಾಳಿ ಎದೆಗೆ ಹತ್ತದಿರಲಿ.

ನಿನ್ನ
ಕೋಕಿಲಾ

ತಾ.ಕ.: ಕವರು ಅಂಟಿಸುವ ಮುಂಚೆ ನಿನ್ನ ಎಂಟು ವರ್ಷದ ಕಾಗದಗಳನ್ನು ತೆಗೆದು ನೋಡಿದೆ. ಸೊಳ್ಳೆಯ ಲ್ಯಾಟಿನ್ ಹೆಸರು ಎಲ್ಲದರಲ್ಲೂ ಇದೆ, ಅಚ್ಚುಕಟ್ಟಾಗಿ, ಅಡಿಗೆರೆ ಎಳೆದು. ಅವಳ ಹೆಸರು ಒಂದರಲ್ಲೂ ಇಲ್ಲ. ‘ಆ ಘಟನೆ’ ಎಂದಿದೆ, ‘ಆಮೇಲೆ’ ಎಂದಿದೆ. ಈಗ ನನ್ನ ಈ ಕಾಗದಗಳನ್ನೂ ನೆನೆಸಿಕೊಂಡೆ. ನಾನೂ ‘ಮಗು’ ಎಂದೆ, ‘ಅವಳು’ ಎಂದೆ, ಬರೆಯಲಿಲ್ಲ. ನಿನಗೆ ನೋವಾದೀತೆಂದು ತಡೆದು ತಡೆದು ನನಗೂ ಅದೇ ಅಭ್ಯಾಸವಾಗಿದೆ. ಈ ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಯಾರೂ ಕೂಗದೆ ಹತ್ತು ವರ್ಷವಾಯಿತು. ಇವತ್ತು ಬಾಲ್ಕನಿಯಲ್ಲಿ ನಿಂತು ಮೆಲ್ಲಗೆ ಒಂದು ಸಲ ಕರೆದೆ. ಇಲ್ಲಿಯೂ ಬರೆಯುತ್ತೇನೆ.

ಅಕ್ಷಯಾ.

ಬೇರೇನೂ ಬರೆಯದಿದ್ದರೂ ಸರಿ, ಮುಂದಿನ ಕಾಗದದಲ್ಲಿ ನೀನು ಇದೊಂದನ್ನು ನಿನ್ನ ಕೈಯಲ್ಲಿ ಬರೆದು ಕಳಿಸು.